ಅಂಗಳಕ್ಕೆ ಬಂದ ಬೆಳಕು ಒಳಮನೆಗೆ ಯಾಕೆ ಬಾರದು?

ಮೇಳಿಗೆಯ ಅಂಗಡಿ ಮುಂದೆ ನಿಂತರೂ ಸರಿ, ತೀರ್ಥಹಳ್ಳಿಯ ಸೊಸೈಟಿ ಕಟ್ಟೆಯ ಮೇಲೆ ಕೂತರೂ ಸರಿ, ಹೊಸನಗರದ ಮದುವೆ ಚಪ್ಪರದಲ್ಲಿ ಪಂಕ್ತಿಗೆ ಕಾದರೂ ಸರಿ, ಅಡಿಕೆ ರೇಟು ಮತ್ತು ಮಳೆಯ ಮಾತು ಮುಗಿದ ಮೇಲೆ ನೆಟ್ಟಿನ ಮಾತು ಬಂದೇ ಬರುತ್ತದೆ. ಬಂದಾಗ ಕೊಡುವ ತೀರ್ಪು ಎಲ್ಲ ಕಡೆಯೂ ಒಂದೇ: “ಸ್ಪೀಡ್ ಎಲ್ಲ ಕಂಪನಿಯವರ ಕೈಲಿರೋದು ಮಾರಾಯ. ಮನೆ ಒಳಗಿನ ವೈರಿಂದ ಎಂತ ಆಗ್ತದೆ? ವೈರ್ ಅಂದ್ರೆ ವೈರೇ. ಪ್ಲಾನ್ ದೊಡ್ಡದು ಮಾಡ್ಸು, ಇಲ್ಲ ಕಂಪನಿ ಬದಲಿಸು.”

ಈ ತೀರ್ಪನ್ನು ಓದಿದವರೂ ಹೇಳುತ್ತಾರೆ, ಬೆಂಗಳೂರಿನಿಂದ ಊರಿಗೆ ಬಂದು ಕೂತು ಕೆಲಸ ಮಾಡುವ ಹುಡುಗರೂ ಹೇಳುತ್ತಾರೆ. ಕನೆಕ್ಷನ್ ಕೊಡಲು ಬಂದವರೇ ಹೇಳಿದ್ದನ್ನೂ ನಾನು ಕೇಳಿದ್ದೇನೆ. ಇದು ತಪ್ಪು ಎಂದು ನೇರವಾಗಿಯೇ ಹೇಳುತ್ತೇನೆ. ಬರೀ ತಾಂತ್ರಿಕ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಮಲೆನಾಡಿನ ಮನೆಗಳು ಈ ನಂಬಿಕೆಗೆ ಪ್ರತಿ ತಿಂಗಳೂ ದುಡ್ಡು ತೆರುತ್ತಿವೆ, ಮಕ್ಕಳ ಪಾಠ ಮತ್ತು ಪರೀಕ್ಷೆ ಕೆಡುತ್ತಿವೆ, ನ್ಯಾಯವಾದ ದೂರು ಕೊಡುವ ಬಲವನ್ನೂ ನಾವು ಕಳೆದುಕೊಳ್ಳುತ್ತಿದ್ದೇವೆ. ಹಾಗಾಗಿ ಸುಮ್ಮನಿರಲಾರೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಮೊದಲು ಹೇಳುತ್ತೇನೆ. ಅಣ್ಣನ ಮಗ ಮಾಳಿಗೆಯ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾನೆ. ಫೈಬರ್ ಬಂದಾಗ 100 ಎಂಬಿಪಿಎಸ್ ಪ್ಲಾನ್ ಹಾಕಿಸಿದೆವು. ದೊಡ್ಡ ಫೈಲ್ ಕಳಿಸಲು, ಇಳಿಸಿಕೊಳ್ಳಲು ಸಾಲುತ್ತಿಲ್ಲ ಎಂದ, 200ಕ್ಕೆ ಏರಿಸಿದೆವು. ಅವನ ಕಂಪ್ಯೂಟರಿನಲ್ಲಿ ಸ್ಪೀಡ್ ಟೆಸ್ಟ್ ಹಾಕಿದರೆ 94. ಮತ್ತೆ 300ಕ್ಕೆ ಏರಿಸಿದೆವು. ಆಗಲೂ 94. ದೂರು ಕೊಟ್ಟೆವು, ಬಂದವರು ಜಗುಲಿಯಲ್ಲಿದ್ದ ರೂಟರನ್ನು ಆರಿಸಿ ಹೊತ್ತಿಸಿ ಹೋದರು. ತಿಂಗಳುಗಟ್ಟಲೆ 300ರ ಬಿಲ್ಲು ಕಟ್ಟಿ 94ನ್ನು ಪಡೆದೆವು. ಬೆಳಿಗ್ಗೆ, ಸಂಜೆ, ನಡುರಾತ್ರಿ ಎನ್ನದೆ ಅಂಕಿ 94ರಲ್ಲೇ ನಿಂತಿತ್ತು. ಹೊರಗಿನ ಲೈನಿನ ತೊಂದರೆಯಾಗಿದ್ದರೆ ಏರಿಳಿತ ಕಾಣಬೇಕಿತ್ತಲ್ಲ ಎಂಬ ಸಂಶಯ ಹುಟ್ಟಿದ್ದೇ ಆಗ.

ಆ ಅಂಕಿಯಲ್ಲೇ ಉತ್ತರವಿತ್ತು. ಲ್ಯಾನ್ ಕೇಬಲ್ಲಿನೊಳಗೆ ಎಂಟು ಎಳೆಗಳಿರುತ್ತವೆ. ಎರಡೆರಡನ್ನು ಹೊಸೆದು ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಕಿತ್ತಳೆ, ಹಸಿರು ಎಂಬ ಎರಡು ಜೋಡಿ ಸಾಕು. 1000ದ ವೇಗಕ್ಕೆ ನಾಲ್ಕೂ ಜೋಡಿ ಬೇಕು. ನೀಲಿಯೋ ಕಂದೋ ಒಂದು ಎಳೆ ಕಡಿದರೆ ನೆಟ್ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡೂ ತುದಿಯ ಯಂತ್ರಗಳು ತಮ್ಮೊಳಗೇ ಮಾತಾಡಿಕೊಂಡು 100ಕ್ಕೆ ಇಳಿಯುತ್ತವೆ, ಯಾರಿಗೂ ಹೇಳುವುದಿಲ್ಲ. ಆ 100ರಲ್ಲಿ ಮಾಹಿತಿಯ ಪ್ರತಿ ಕಂತಿನ (ಪ್ಯಾಕೆಟ್) ಜೊತೆ ಹೋಗುವ ವಿಳಾಸ, ತಾಳೆ ಗುರುತುಗಳನ್ನು ಕಳೆದರೆ ನಿಜವಾದ ಮಾಹಿತಿಗೆ ಉಳಿಯುವುದು 94, 95. ಹಾಗಾಗಿ ದೊಡ್ಡ ಪ್ಲಾನ್ ಇದ್ದೂ ಸ್ಪೀಡ್ ಟೆಸ್ಟ್ 94ರ ಹತ್ತಿರ ಗೂಟ ಹೊಡೆದಂತೆ ನಿಂತರೆ, ದಾರಿಯಲ್ಲಿ ಎಲ್ಲೋ 100ರ ಬಾಗಿಲೊಂದಿದೆ ಎಂದೇ ಅರ್ಥ. ಅದು ಕಡಿದ ತಂತಿಯಿರಬಹುದು, 100ರ ಪೋರ್ಟಷ್ಟೇ ಇರುವ ಹಳೆಯ ರೂಟರ್ ಇರಬಹುದು. ನಮ್ಮ ಮನೆಯಲ್ಲಿ ಅಟ್ಟದ ತೊಲೆಯ ಹಿಂದೆ ಇಲಿ ಕಡಿದಿತ್ತು. ಹೊಸ ಕೇಬಲ್ ಎಳೆದು ಎರಡು ಕನೆಕ್ಟರ್ ಹಾಕಿದೆವು. ಒಂದು ತಿಂಗಳ ಬಿಲ್ಲಿನಷ್ಟೂ ಖರ್ಚಾಗಲಿಲ್ಲ. ಅದೇ ದಿನ ಮಾಳಿಗೆಯಲ್ಲಿ 280 ದಾಟಿತು. ಕಂಪನಿ ಬದಲಾಗಿರಲಿಲ್ಲ, ಪ್ಲಾನೂ ಬದಲಾಗಿರಲಿಲ್ಲ.

ಇನ್ನು “ವೈರ್ ಅಂದ್ರೆ ವೈರೇ” ಎಂಬ ಮಾತು. ಇದು ಕರೆಂಟಿನ ಅನುಭವದಿಂದ ಬಂದ ಮಾತು. ಕರೆಂಟಿನ ತಂತಿಯನ್ನು ಸುಲಿದು, ತಿರುಚಿ, ಟೇಪ್ ಸುತ್ತಿದರೆ ಬಲ್ಬು ಉರಿಯುತ್ತದೆ; ಲ್ಯಾನ್ ಕೇಬಲ್ಲಿಗೂ ಅಷ್ಟೇ ಸಾಕು ಎಂದು ನಾವು ತಿಳಿದಿದ್ದೇವೆ. ಆದರೆ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಆಂದೋಲಿಸುತ್ತದೆ. ಸಾಮಾನ್ಯ ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲ್ಲನ್ನು ಸೆಕೆಂಡಿಗೆ 10 ಕೋಟಿ ಆಂದೋಲನದವರೆಗೆ, ಅಂದರೆ 100 ಮೆಗಾಹರ್ಟ್ಸ್‌ವರೆಗೆ, ಪರೀಕ್ಷೆ ಮಾಡಿರುತ್ತಾರೆ. ಇಂಥ ಸೂಕ್ಷ್ಮ ಸಂಕೇತಕ್ಕೆ ತಂತಿಯ ಆಕಾರವೇ ಮುಖ್ಯ. ಜೋಡಿಗಳನ್ನು ಹೊಸೆದಿರುವುದು ಅಂದಕ್ಕಲ್ಲ. ಹೊರಗಿನ ಗದ್ದಲ ಎರಡೂ ಎಳೆಗಳ ಮೇಲೆ ಒಂದೇ ಸಮ ಬೀಳಲಿ, ಆಚೆ ತುದಿಯಲ್ಲಿ ಒಂದನ್ನೊಂದು ಕಳೆದಾಗ ಅದು ಅಳಿಸಿಹೋಗಲಿ ಎಂದು ಹಾಗೆ ಹೊಸೆದಿರುತ್ತಾರೆ. ಕನೆಕ್ಟರಿನ ಹತ್ತಿರ ಸುಮಾರು 13 ಮಿಲಿಮೀಟರಿಗಿಂತ ಹೆಚ್ಚು ಹೊಸೆತ ಬಿಚ್ಚಬಾರದು ಎಂಬ ನಿಯಮ ಇರುವುದು ಅದಕ್ಕೇ. ನಮ್ಮಲ್ಲಿ ನಡುವೆ ಎರಡೆರಡು ಇಂಚು ಬಿಚ್ಚಿ, ಎಂಟು ಎಳೆಗಳನ್ನೂ ಗಂಟು ಹಾಕಿ, ಕಪ್ಪು ಟೇಪ್ ಸುತ್ತಿ ಹಂಚಿನ ಕೆಳಗೆ ಬಿಡುತ್ತಾರೆ. ಆಷಾಢದ ತೇವ ಅದರೊಳಗೆ ಇಳಿದರೆ ತಾಮ್ರ ಹಸಿರುಗಟ್ಟುತ್ತದೆ. ಒಂದು ವರ್ಷ ಹೇಗೋ ನಡೆದ ಲೈನು ಮರುವರ್ಷ ಯಾಕೆ ಹಾಳಾಯಿತು ಎಂದು ಆಮೇಲೆ ಕಂಪನಿಯನ್ನು ಕೇಳುತ್ತೇವೆ.

ತಂತಿಯ ಲೋಹದಲ್ಲೂ ಭೇದವಿದೆ. ಅಲ್ಯೂಮಿನಿಯಂ ಎಳೆಯ ಮೇಲೆ ತೆಳ್ಳಗೆ ತಾಮ್ರ ಹೊದಿಸಿದ ಕೇಬಲ್ಲು ಅಗ್ಗವಾಗಿ ಸಿಗುತ್ತದೆ, ಸಿಸಿಎ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಗುರುತು ಹತ್ತದು. ಅಲ್ಯೂಮಿನಿಯಂ ವಿದ್ಯುತ್ತನ್ನು ಒಯ್ಯುವ ಶಕ್ತಿ ತಾಮ್ರದ ಸುಮಾರು ಶೇಕಡಾ 60. ಮತ್ತೆ ಮತ್ತೆ ಬಗ್ಗಿಸಿದರೆ ಬೇಗ ಒಳಗೇ ಮುರಿಯುತ್ತದೆ. ಲ್ಯಾನ್ ಕೇಬಲ್ಲಿನ ಮಾನದಂಡ ಕೇಳುವುದು ಶುದ್ಧ ತಾಮ್ರವನ್ನೇ. ಅಂಗಡಿಯಲ್ಲಿ ಎಳೆಯ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬಿಳಿ ಕಂಡರೆ ಅದು ಬೇಡ. ಮಲೆನಾಡಿನವರು ಚಾಲಿ, ಕೆಂಪಡಿಕೆಯ ಗುಣವನ್ನು ಕೈಯಲ್ಲಿ ಮುಟ್ಟಿ ಹೇಳಬಲ್ಲವರು. ಎರಡು ನಿಮಿಷದ ಈ ಪರೀಕ್ಷೆ ಅವರಿಗೆ ಕಷ್ಟವಲ್ಲ. ಪರೀಕ್ಷೆ ಮಾಡಬೇಕಾದ ವಸ್ತು ಇದು ಎಂದು ತೋರಿಯೇ ಇಲ್ಲ, ಅಷ್ಟೆ.

“ಕೋಟಿ ರೂಪಾಯಿಯ ಯಂತ್ರ ಹಾಕಿ ನೂರಾರು ಕಿಲೋಮೀಟರ್ ದಾಟಿ ಬಂದದ್ದು ಮನೆಯೊಳಗಿನ 20 ಮೀಟರಿನಲ್ಲಿ ಹಾಳಾಗುತ್ತದೆಯೇ?” ಇದು ಎದುರಿನವರ ಬಲವಾದ ಪ್ರಶ್ನೆ. ದೂರದ ಮಟ್ಟಿಗೆ ಅವರು ಹೇಳುವುದು ಸರಿ. ತಾಮ್ರದಲ್ಲಿ ಸಂಕೇತ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು ವೇಗದಲ್ಲಿ ಓಡುತ್ತದೆ. 20 ಮೀಟರ್ ದಾಟಲು ಮೈಕ್ರೋಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟರಿಂದ ಯಾರಿಗೂ ಏನೂ ತಡವಾಗದು. ಆದರೆ ನಷ್ಟವಾಗುವುದು ಕಂತುಗಳು ಕೆಟ್ಟಾಗ. ಮಾಹಿತಿ ಸಣ್ಣ ಸಣ್ಣ ಕಂತುಗಳಾಗಿ ಬರುತ್ತದೆ. ಕೆಟ್ಟ ತಂತಿಯಲ್ಲಿ ಕೆಲವು ಕಂತು ಕೆಡುತ್ತವೆ, ಯಂತ್ರ ಅವನ್ನು ಎಸೆಯುತ್ತದೆ. ದೂರದ ಸರ್ವರಿಗೆ ಇದು ಇಲಿಯ ಕೆಲಸವೆಂದು ತಿಳಿಯದು. ದಾರಿಯಲ್ಲಿ ದಟ್ಟಣೆಯಿದೆ ಎಂದು ತಿಳಿದು ಅದು ತನ್ನ ವೇಗವನ್ನೇ ತಗ್ಗಿಸುತ್ತದೆ. ಇದಕ್ಕೆ 1997ರಲ್ಲೇ ಮ್ಯಾಥಿಸ್ ಮತ್ತು ಸಂಗಡಿಗರು ಸೂತ್ರ ಕೊಟ್ಟಿದ್ದಾರೆ. ಸರ್ವರಿಗೆ ಹೋಗಿಬರಲು 50 ಮಿಲಿಸೆಕೆಂಡ್ ಬೇಕಿದ್ದು, ನೂರಕ್ಕೆ ಒಂದು ಕಂತು ಕೆಟ್ಟರೆ, ಆ ಸೂತ್ರದ ಪ್ರಕಾರ ಒಂದು ಸಂಪರ್ಕಕ್ಕೆ 3 ಎಂಬಿಪಿಎಸ್ ಕೂಡ ಸಿಗದು. ಪ್ಲಾನ್ 100 ಇರಲಿ, 300 ಇರಲಿ, ಫಲ ಅದೇ. ಈಚಿನ ಕೆಲವು ಪದ್ಧತಿಗಳು ಇದಕ್ಕಿಂತ ಚುರುಕಾಗಿವೆ, ನಿಜ. ಆದರೂ ಕೆಟ್ಟ ಕಂತನ್ನು ಮತ್ತೆ ಕಳಿಸುವ ಕೆಲಸ ತಪ್ಪದು. ವಿಡಿಯೋ ಕಾಲಿನಲ್ಲಿ ಮುಖ ಕಲ್ಲಾಗುವುದು, ಮಾತು ತುಂಡಾಗುವುದು ಹೀಗೆಯೇ. ನೂರರಲ್ಲಿ ಒಂದು ತಪ್ಪು ಸಣ್ಣದು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಗುಡ್ಡದ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ನೀರು ಹರಿಸಿ ಬಚ್ಚಲಿಗೆ ತಂದವರು ಅವರು. ನೀರು ಕಡಿಮೆ ಬಂದರೆ ದಬ್ಬೆಯ ಸಾಲನ್ನು ಬುಡದಿಂದ ತುದಿಯವರೆಗೆ ನಡೆದು ನೋಡುತ್ತಿದ್ದರು. ಬಿರುಕು, ಎಲೆ ಕಟ್ಟಿದ್ದು, ಜಾರಿದ ಕವೆ, ಏನಿದ್ದರೂ ಸಿಗುತ್ತಿತ್ತು. ಕೂತಲ್ಲೇ ಅಬ್ಬಿಯನ್ನು ಬೈದವರಿಲ್ಲ. ಟೆಲಿಫೋನ್ ಕಾಲದಲ್ಲೂ ಈ ಎಚ್ಚರ ಇತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುವಾದಾಗ ವೇಗ 256 ಕೆಬಿಪಿಎಸ್. ಅದು ಬರುತ್ತಿದ್ದದ್ದು ಫೋನಿನ ತಾಮ್ರದ ತಂತಿಯಲ್ಲೇ. ಫೋನೆತ್ತಿದಾಗ ಕರಕರ ಸದ್ದು ಕೇಳಿದರೆ ಇವತ್ತು ನೆಟ್ ಸರಿ ಬರದು ಎಂದು ಕಿವಿಯೇ ಹೇಳುತ್ತಿತ್ತು. ಒಳಮನೆಗೆ ಎಳೆದ ಎಕ್ಸ್‌ಟೆನ್ಷನ್ ಕಿತ್ತರೆ, ಸ್ಪ್ಲಿಟರ್ ಸರಿಯಾಗಿ ಹಾಕಿದರೆ ಸುಧಾರಿಸುತ್ತಿತ್ತು. ತಂತಿಗೂ ವೇಗಕ್ಕೂ ಸಂಬಂಧವಿದೆ ಎಂದು ಆಗ ಎಲ್ಲರಿಗೂ ಗೊತ್ತಿತ್ತು. ಫೈಬರ್ ಬಂದ ಮೇಲೆ ಸದ್ದು ಹೋಯಿತು, ಸದ್ದಿನ ಜೊತೆ ಆ ತಿಳಿವಳಿಕೆಯೂ ಹೋಯಿತು. ವಿಚಿತ್ರವೆಂದರೆ ಮನೆಯೊಳಗಿನ ಲ್ಯಾನ್ ಕೇಬಲ್ಲಿನ ಮಹತ್ವ ಹೆಚ್ಚಿದ್ದೇ ಈಗ. 256 ಕೆಬಿಪಿಎಸ್ ಬರುವಾಗ ಆ ಕೇಬಲ್ ಎಷ್ಟು ಕೆಟ್ಟದ್ದಿದ್ದರೂ ಅಷ್ಟನ್ನು ಒಯ್ಯುತ್ತಿತ್ತು, ತಡೆ ಇದ್ದದ್ದು ಹೊರಗೆ. ಇಂದು ಅಂಗಳದವರೆಗೆ ಗಾಜಿನ ಎಳೆಯಲ್ಲಿ ಬೆಳಕು ಬಂದು ನಿಂತಿದೆ. ಹೊರಗಿನ ದಾರಿ ಅಗಲವಾದಷ್ಟೂ ಒಳಗಿನ ಇಕ್ಕಟ್ಟು ಎದ್ದು ಕಾಣುತ್ತದೆ. ಲ್ಯಾನ್ ಕೇಬಲ್ಲಿನಿಂದ ಏನೂ ಆಗದು ಎಂಬ ಇಪ್ಪತ್ತು ವರ್ಷ ಹಳೆಯ ತೀರ್ಪನ್ನು ಇಂದಿನ ಮನೆಗೆ ಹೊರಿಸುವುದೇ ಈ ನಂಬಿಕೆಯ ಮೂಲ ದೋಷ.

“ತಂತಿ ಯಾಕೆ, ವೈಫೈ ಇದೆಯಲ್ಲ” ಎನ್ನುವವರಿಗೆ ಮಲೆನಾಡಿನ ಮನೆಯನ್ನೇ ತೋರಿಸಬೇಕು. ಫೈಬರ್ ಒಳಬರುವುದು ಜಗುಲಿಯ ಮೀಟರ್ ಬೋರ್ಡಿನ ಹತ್ತಿರ, ರೂಟರ್ ಕೂರುವುದೂ ಅಲ್ಲೇ. ಅಲ್ಲಿಂದ ಪಡಸಾಲೆ, ನಡುಮನೆ, ಮಾಳಿಗೆ. ನಡುವೆ ಒಂದೂವರೆ ಅಡಿಯ ಮಣ್ಣಿನ ಗೋಡೆ ಅಥವಾ ಜಂಬಿಟ್ಟಿಗೆ ಗೋಡೆ, ಮಳೆಗಾಲದಲ್ಲಿ ನೀರು ಹೀರಿ ನಿಂತದ್ದು. ನೀರು ರೇಡಿಯೋ ಅಲೆಯನ್ನು ನುಂಗುತ್ತದೆ, ಅಂಗಳದ ಮೇಲಿನ ತಗಡಿನ ಶೀಟು ಅದನ್ನು ಹಿಂದಕ್ಕೆ ತಳ್ಳುತ್ತದೆ. ವೇಗದ 5 ಗಿಗಾಹರ್ಟ್ಸ್ ಅಲೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. 2.4 ಗಿಗಾಹರ್ಟ್ಸ್ ಅಲೆ ದಾಟುತ್ತದೆ, ಆದರೆ ಅದರ ವೇಗ ಕಡಿಮೆ. ಸಾಲದ್ದಕ್ಕೆ ವೈಫೈಯಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ನಡುವೆ ರಿಪೀಟರ್ ಇಟ್ಟರೆ ಅದು ಕೇಳಿದ್ದನ್ನೇ ಮತ್ತೆ ಹೇಳಬೇಕು. ಕೇಳುವುದೂ ಹೇಳುವುದೂ ಒಂದೇ ಚಾನೆಲ್ಲಿನಲ್ಲಾದರೆ ವೇಗ ಅರ್ಧಕ್ಕೆ ಬೀಳುತ್ತದೆ. ಮೂರು ಕಡ್ಡಿ ಕಾಣುತ್ತವೆ, ಪಾಠ ಮಾತ್ರ ನಿಲ್ಲುತ್ತದೆ. ಜಗುಲಿಯಿಂದ ಮಾಳಿಗೆಗೆ ಒಂದು ತಾಮ್ರದ ಕೇಬಲ್ ಎಳೆದು ಅಲ್ಲೊಂದು ವೈಫೈ ಪೆಟ್ಟಿಗೆ ಇಟ್ಟರೆ ಗೋಡೆಗಳ ಕಾಟ ಮುಗಿಯಿತು. ಒಳ್ಳೆಯ ವೈಫೈ ಬೇಕೆಂದರೂ ಅದರ ಬೆನ್ನಿಗೆ ಒಳ್ಳೆಯ ತಂತಿ ಬೇಕು.

ಫೈಬರ್ ಎಳೆಯೂ ಮನೆಯೊಳಗೆ ಕಾಲಿಟ್ಟ ಮೇಲೆ ಮನೆಯ ತಂತಿಯೇ. ಗಾಜಿನ ಎಳೆಯನ್ನು ಬಾಗಿಲ ಸಂದಿಯಲ್ಲಿ ಮಡಿಸಿ ಮೊಳೆ ಹೊಡೆದರೆ ತಿರುವಿನಲ್ಲಿ ಬೆಳಕು ಸೋರುತ್ತದೆ. 3 ಡೆಸಿಬಲ್ ಕಳೆದರೆ ಅರ್ಧ ಬೆಳಕು ಹೋಯಿತು. ಹಸಿರು ತುದಿಯ ಕನೆಕ್ಟರನ್ನು ನೀಲಿಯದಕ್ಕೆ ಸಿಕ್ಕಿಸಿದರೂ ಹಾಗೆಯೇ, ಅವುಗಳ ಮುಖ ಬೇರೆ ಬೇರೆ ಕೋನದಲ್ಲಿರುತ್ತದೆ. ಒಂದು ಮಿತಿಯವರೆಗೆ ಏನೂ ಗೊತ್ತಾಗುವುದಿಲ್ಲ. ಮಿತಿಯ ಅಂಚಿಗೆ ಬಂದ ಮೇಲೆ ನೆಟ್ ಕಡಿದು ಕಡಿದು ಬರುತ್ತದೆ, ಕೊನೆಗೆ ಕೆಂಪು ದೀಪ ಹೊತ್ತುತ್ತದೆ.

ಇನ್ನೊಂದು ಅಪಾಯ ಮಲೆನಾಡಿನವರು ಮರೆಯುವಂತಿಲ್ಲ. ಮನೆಯಿಂದ ಅಡಿಕೆ ಸುಲಿಯುವ ಶೆಡ್ಡಿಗೆ, ರಸ್ತೆ ಬದಿಯ ಅಂಗಡಿಗೆ ತಾಮ್ರದ ಲ್ಯಾನ್ ಕೇಬಲ್ಲನ್ನು ಮರದಿಂದ ಮರಕ್ಕೆ ಎಳೆಯುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ಹತ್ತಿರ ಸಿಡಿಲು ಬಿದ್ದರೆ ಆ ತಂತಿಯೇ ವಿದ್ಯುತ್ತನ್ನು ಎರಡೂ ಕಡೆಯ ಯಂತ್ರಗಳಿಗೆ ತಲುಪಿಸುತ್ತದೆ. ಆಮೇಲೆ ಪೋರ್ಟು ಸುಟ್ಟು ಹೋಗುತ್ತದೆ, ಅಥವಾ ಅರೆಜೀವವಾಗಿ ಉಳಿದು ವರ್ಷವಿಡೀ ಕಾಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವಾಗ ಲೋಹವಿಲ್ಲದ ಫೈಬರ್ ಹಾಕಬೇಕು; ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ.

ನಾನು ತಂತಿ ಮಾರುವವರ ಪರ ಎಂದು ಯಾರೂ ತಿಳಿಯುವುದು ಬೇಡ. ಕ್ಯಾಟ್ 7, ಕ್ಯಾಟ್ 8 ಎಂದು ಚಿನ್ನದ ಬಣ್ಣದ ಕನೆಕ್ಟರ್ ತೋರಿಸಿ ‘ಇದು ಹಾಕಿದರೆ ನೆಟ್ ಎರಡು ಪಟ್ಟು’ ಎನ್ನುವವರ ಮಾತೂ ಅಷ್ಟೇ ಸುಳ್ಳು. ನಾಲ್ಕು ಜೋಡಿ ತಾಮ್ರದಲ್ಲಿ 100 ಮೀಟರ್‌ವರೆಗೆ 1000 ಎಂಬಿಪಿಎಸ್ ಒಯ್ಯುವ ಮಾನದಂಡ ಬಂದದ್ದು 1999ರಲ್ಲಿ. ಸರಿಯಾಗಿ ಹಾಕಿದ ಕ್ಯಾಟ್ 5ಇ ಕೇಬಲ್ ನಮ್ಮ ಬಹುತೇಕ ಪ್ಲಾನುಗಳನ್ನು ಸಲೀಸಾಗಿ ಹೊರುತ್ತದೆ. ಹೊಸ ಮನೆಗೆ ಕ್ಯಾಟ್ 6 ಹಾಕಿದರೆ ಮುಂದಿನ ಕಾಲಕ್ಕೂ ಆಯಿತು. ತಂತಿ ಪ್ಲಾನನ್ನು ಮೀರಿಸಲಾರದು; ಪ್ಲಾನನ್ನು ಕೊಲ್ಲಬಲ್ಲದು. ಈ ಎರಡೂ ಮಾತನ್ನು ಒಟ್ಟಿಗೆ ಹಿಡಿಯಬೇಕು.

ಹೊರಗಿನ ತೊಂದರೆಗಳು ಸುಳ್ಳೆಂದೂ ನಾನು ಹೇಳುತ್ತಿಲ್ಲ. ಆಗುಂಬೆಯ ಸೀಮೆಯ ಮಳೆಗಾಳಿಗೆ ಮರ ಬಿದ್ದು ಫೈಬರ್ ಕಡಿಯುತ್ತದೆ. ಕರೆಂಟು ಹೋದರೆ ಟವರೂ ಸಾಯುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು, ತಾಳೆಗರಿ, ಪ್ಲಾಸ್ಟಿಕ್ ಹೊದಿಸಿ ಗುಡಿಸಲು ಕಟ್ಟಿಕೊಂಡರು. 2021ರಲ್ಲಿ ಸಾಗರ, ಹೊಸನಗರದ ಶರಾವತಿ ಹಿನ್ನೀರಿನ ಹಳ್ಳಿಗಳಿಂದ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೆದ್ದಿತು. ನಾಡಿಗೆ ಬೆಳಕು ಕೊಡಲು ನೆಲ ಮುಳುಗಿಸಿಕೊಂಡ ಜನ ಅವರು. ಅವರ ಸಿಟ್ಟು ನ್ಯಾಯವಾದದ್ದು. ಅಲ್ಲಿ ಮನೆಯ ತಂತಿಯ ಪಾಠ ಹೇಳುವುದು ಅನ್ಯಾಯ. ನಾನು ಹೇಳುತ್ತಿರುವುದು ಲೈನು ಅಂಗಳಕ್ಕೆ ಬಂದ ಮನೆಗಳ ಮಾತು.

ಆದರೆ ಆ ಹೋರಾಟದ ಬಲಕ್ಕಾಗಿಯೇ ಲೈನು ಬಂದ ಮನೆಗಳವರು ಒಳಗು ಹೊರಗಿನ ತಪ್ಪನ್ನು ಬೇರೆ ಮಾಡಿ ನೋಡಬೇಕು. ಎಲ್ಲವೂ ಕಂಪನಿಯ ತಪ್ಪು ಎಂಬ ನಂಬಿಕೆ ಕಂಪನಿಗೆ ಏಟು ಕೊಡುತ್ತದೆಂದು ನಾವು ತಿಳಿದಿದ್ದೇವೆ. ನಿಜದಲ್ಲಿ ಅದರಿಂದ ಲಾಭವಾಗುವುದು ಅವರಿಗೇ. 94ರ ಮನೆ 300ರ ಬಿಲ್ಲು ಕಟ್ಟುತ್ತದೆ. ನಿಜವಾದ ಹೊರದೋಷದ ಮೇಲೆ ದೂರು ಕೊಟ್ಟಾಗ “ನಿಮ್ಮ ವೈಫೈ ಪ್ರಾಬ್ಲಂ” ಎಂದು ಫೋನಿನಲ್ಲೇ ಮುಗಿಸಿಬಿಡುತ್ತಾರೆ. ನಮ್ಮ ಹತ್ತಿರ ಅಳತೆಯಿಲ್ಲದ್ದರಿಂದ ನಾವು ಸುಮ್ಮನಾಗುತ್ತೇವೆ.

ಅಳತೆ ಕಷ್ಟದ್ದಲ್ಲ. ಒಳ್ಳೆಯ ಚಿಕ್ಕ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ನೇರ ರೂಟರಿಗೆ ಸಿಕ್ಕಿಸಿ, ಬೇರೆ ಫೋನು, ಟಿವಿ ಎಲ್ಲ ಬಿಡಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಸ್ಪೀಡ್ ನೋಡಿ ಬರೆದಿಡಿ. ಆಮೇಲೆ ಕೆಲಸ ಮಾಡುವ ಕೋಣೆಯಿಂದ ಅದನ್ನೇ ಮಾಡಿ. ರೂಟರಿನ ಬಳಿ ಸರಿ, ಕೋಣೆಯಲ್ಲಿ ಕಡಿಮೆ ಎಂದಾದರೆ ತಪ್ಪು ಮನೆಯದ್ದು. ರೂಟರಿನ ಬಳಿಯೇ ಸಂಜೆ ಹೊತ್ತು ಮಾತ್ರ ಕುಸಿದರೆ ಹೊರಗೆ ಹಂಚಿಕೆಯ ತೊಂದರೆ. ಸಾಮಾನ್ಯ ಫೈಬರ್ ಜಾಲದಲ್ಲಿ ಸುಮಾರು 2,500 ಎಂಬಿಪಿಎಸ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ, ಅಲ್ಲಿಂದ ಮೇಲಿನ ದಾರಿಯನ್ನು ಇನ್ನೂ ಹೆಚ್ಚು ಮನೆಗಳು. ಅದನ್ನು ಅಗಲ ಮಾಡಬೇಕಾದ್ದು ಕಂಪನಿ. ಕೋಣೆಯಿಂದ ರೂಟರಿಗೆ ಪಿಂಗ್ ಹೊಡೆದು ನೋಡಿ. ತಂತಿಯಲ್ಲಿ ಒಂದು ಕಂತೂ ಕಳೆಯಬಾರದು, ಹೋಗಿಬರುವ ಸಮಯ ಒಂದು ಮಿಲಿಸೆಕೆಂಡಿನ ಆಸುಪಾಸು ಇರಬೇಕು. ಅರ್ಧ ಗಂಟೆಯ ಕೆಲಸ ಇದು.

ಮನೆ ಕಟ್ಟುವವರಿಗೂ ನನ್ನ ಆಗ್ರಹವಿದೆ. ಲಕ್ಷಗಟ್ಟಲೆ ಸುರಿದು ಹೊಸ ಮನೆ ಕಟ್ಟುತ್ತೀರಿ, ಕರೆಂಟಿಗೆ ಪೈಪು ಹೂತಿರುತ್ತೀರಿ, ನೀರಿಗೆ ಹೂತಿರುತ್ತೀರಿ. ಜಗುಲಿಯಿಂದ ಪ್ರತಿ ಕೋಣೆಗೆ ನೆಟ್ಟಿನ ತಂತಿಗೆಂದು ಒಂದು ಖಾಲಿ ಪೈಪು, ಕರೆಂಟಿನ ಪೈಪಿನಿಂದ ದೂರದಲ್ಲಿ, ಗೋಡೆ ಏಳುವಾಗಲೇ ಬಿಡಿ. ಗೃಹಪ್ರವೇಶದ ಮರುದಿನ ಕಿಟಕಿಯಲ್ಲಿ ತೂತು ಕೊರೆಯುವುದು ತಪ್ಪುತ್ತದೆ. ಇದು ನನ್ನೊಬ್ಬನ ಹಟವಲ್ಲ. ದೂರಸಂಪರ್ಕ ನಿಯಂತ್ರಕವಾದ ಟ್ರಾಯ್ 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಅವುಗಳ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ನಕ್ಷತ್ರ ದರ್ಜೆ ಕೊಡುವ ನಿಯಮಗಳನ್ನು ಹೊರಡಿಸಿತು. ಕಟ್ಟಡದ ಒಳಗು ವೇಗಕ್ಕೆ ಸಂಬಂಧವೇ ಇಲ್ಲದ ಸಂಗತಿಯಾಗಿದ್ದರೆ ಇಂಥ ನಿಯಮ ಯಾತಕ್ಕೆ ಬೇಕಿತ್ತು?

ನಮ್ಮ ಪಂಚಾಯಿತಿಗಳಿಗೂ ಶಾಲೆಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟು, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಉದ್ದೇಶ ಪ್ರತಿ ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟಿಸುವುದು. ಸಾರ್ವಜನಿಕ ಹಣದಲ್ಲಿ ಬಾಗಿಲವರೆಗೆ ಬಂದ ಆ ಸಂಪರ್ಕ ಬೀರುವಿನ ಹಿಂದಿನ ಟೇಪಿನ ಗಂಟಿನಲ್ಲಿ ಸಾಯಬಾರದು. ಕಂಪ್ಯೂಟರ್ ಕೊಳ್ಳುವ ಟೆಂಡರಿನಲ್ಲಿ ಒಳಗಿನ ವೈರಿಂಗಿಗೂ ಒಂದು ಸಾಲಿರಲಿ, ಕೆಲಸ ಮುಗಿದ ಮೇಲೆ ಎಂಟೂ ಎಳೆ ಪರೀಕ್ಷಿಸಿದ ಚೀಟಿ ಕೇಳಿ ಪಡೆಯಲಿ.

ಕೇಬಲ್ ಸರಿಮಾಡಿದ ಮೇಲೆ ಒಂದು ಮಳೆಗಾಲದಲ್ಲಿ ನಮ್ಮ ಮನೆಯ ವೇಗ ಮತ್ತೆ ಬಿತ್ತು. ಈ ಸಲ ರೂಟರಿನ ಬಳಿಯೇ ಬಿದ್ದಿತ್ತು. ನಾಲ್ಕು ದಿನದ ಅಳತೆ ಹಾಳೆಯಲ್ಲಿ ಬರೆದುಕೊಂಡು ಕಂಪನಿಯವರ ಬಳಿ ಹೋದೆ. “ನಿಮ್ಮ ಮನೆ ವೈಫೈ ನೋಡಿ” ಎಂದು ಶುರುಮಾಡಿದವರು ಹಾಳೆ ನೋಡಿ ಮಾತು ನಿಲ್ಲಿಸಿದರು. ಮರುದಿನ ಬಂದ ಹುಡುಗ ಕಂಬದ ಮೇಲಿನ ಡಬ್ಬಿ ತೆರೆದು, ನೀರು ಹೊಕ್ಕಿದ್ದ ಜಾಯಿಂಟನ್ನು ಬಿಡಿಸಿ ಹೊಸದಾಗಿ ಹಾಕಿ ಹೋದ. ನಮ್ಮ ಒಳಗು ಸರಿಯಿದೆ ಎಂದು ನನಗೆ ಖಚಿತವಿದ್ದದ್ದರಿಂದಲೇ ಅವರ ಹೊರಗನ್ನು ಸರಿಮಾಡಿಸಲು ಸಾಧ್ಯವಾಯಿತು.